ಲೈಸೆನ್ಸ್ ಜಾಗಕ್ಕೆ, ಲೆಕ್ಕ ಇಡೀ ವ್ಯಾಪಾರಕ್ಕೆ

ಕಾರವಾರದಲ್ಲಿ ಸಣ್ಣ ವ್ಯಾಪಾರಸ್ಥರು ಮತ್ತು ಸ್ವಸಹಾಯ ಸಂಘದ ಸದಸ್ಯರ ಮುಂದೆ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಇವತ್ತು ಎರಡು ಪ್ರಶ್ನೆಗಳ ಬಗ್ಗೆ ಮಾತಾಡುತ್ತೇನೆ. ನಗರಸಭೆಯ ಲೈಸೆನ್ಸ್ ಇಟ್ಟುಕೊಂಡು ನಗರದ ಹೊರಗೆ ವ್ಯಾಪಾರ ಮಾಡಬಹುದಾ? ಹೊರಗೆ ಆದ ವ್ಯಾಪಾರವನ್ನು ಯಾರಿಗೆ, ಎಲ್ಲಿ ತೋರಿಸಬೇಕು? ನಾನು ತೆರಿಗೆ ಕಾಗದಪತ್ರದ ಕೆಲಸ ಮಾಡುವವನು. ನನ್ನ ಹತ್ತಿರ ಬರುವವರು ಹೆಚ್ಚಾಗಿ ಈ ಎರಡನ್ನೂ ಒಂದೇ ಪ್ರಶ್ನೆ ಅಂದುಕೊಂಡು ಕೇಳುತ್ತಾರೆ. ಹಾಗೆ ಅಂದುಕೊಂಡಿದ್ದಕ್ಕೇ ಕೆಲವರು ಬೇಡದ ಕಡೆ ಹೆದರುತ್ತಾರೆ, ಹೆದರಬೇಕಾದ ಕಡೆ ಸುಮ್ನೆ ಇದ್ದುಬಿಡುತ್ತಾರೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಲೈಸೆನ್ಸ್ ಇರುವುದು ಜಾಗಕ್ಕೆ. ಲೆಕ್ಕ ಇರುವುದು ಇಡೀ ವ್ಯಾಪಾರಕ್ಕೆ. ನಗರಸಭೆ ನೋಡುವುದು ನಿಮ್ಮ ಅಂಗಡಿಯ ನಾಲ್ಕು ಗೋಡೆಯನ್ನು. ತೆರಿಗೆ ಇಲಾಖೆ ನೋಡುವುದು ನಿಮ್ಮ ಪ್ಯಾನ್ ನಂಬರನ್ನು. ಆ ನಂಬರಿಗೆ ಕಾರವಾರ, ಅಂಕೋಲೆ, ಮಡಗಾಂವ್ ಅಂತ ಗಡಿ ಇಲ್ಲ.

ಮೊದಲು ಲೈಸೆನ್ಸ್ ವಿಷಯ. ನಾವು ಟ್ರೇಡ್ ಲೈಸೆನ್ಸ್ ಅನ್ನುತ್ತೇವೆ, ಕಚೇರಿಯ ಕಾಗದದಲ್ಲಿ ಉದ್ದಿಮೆ ಪರವಾನಗಿ ಅಂತ ಇರುತ್ತದೆ. ಕಾರವಾರ ಮತ್ತು ಶಿರಸಿ ನಗರಸಭೆ, ಅಂಕೋಲಾ ಮತ್ತು ಕುಮಟಾ ಪುರಸಭೆ, ಹೊನ್ನಾವರದ ಪಟ್ಟಣ ಪಂಚಾಯತ್, ಇವೆಲ್ಲ ನಡೆಯುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಪ್ರಕಾರ. ಅವುಗಳ ಎಲ್ಲೆ ದಾಟಿದರೆ ಗ್ರಾಮ ಪಂಚಾಯತ್. ಅದಕ್ಕೆ 1993ರ ಪಂಚಾಯತ್ ರಾಜ್ ಕಾಯ್ದೆ. ಎರಡೂ ಕಡೆ ಪರವಾನಗಿಯ ಉದ್ದೇಶ ಒಂದೇ. ಈ ಜಾಗದಲ್ಲಿ ಈ ಕೆಲಸ ಮಾಡಿದರೆ ಅಕ್ಕಪಕ್ಕದವರಿಗೆ ತೊಂದರೆ ಇದೆಯಾ? ಬೆಂಕಿಯ ಭಯ ಇದೆಯಾ? ಕಸ ಎಲ್ಲಿಗೆ ಹೋಗುತ್ತದೆ, ಗಟಾರಕ್ಕೆ ಏನು ಬೀಳುತ್ತದೆ? ಹೋಟೆಲಿಗೆ, ಹಿಟ್ಟಿನ ಗಿರಣಿಗೆ, ವೆಲ್ಡಿಂಗ್ ಶಾಪಿಗೆ, ಮೀನಿನ ಐಸ್ ಪ್ಲಾಂಟಿಗೆ ಈ ಪ್ರಶ್ನೆಗಳು ಬೇರೆ ಬೇರೆ. ಅದಕ್ಕೇ ಶುಲ್ಕವೂ ಬೇರೆ ಬೇರೆ. ಶುಲ್ಕ ಗೊತ್ತಾಗುವುದು ಉದ್ದಿಮೆಯ ಜಾತಿ ನೋಡಿ, ಜಾಗದ ಅಳತೆ ನೋಡಿ, ಮಷಿನ್ ಇದ್ದರೆ ಅದರ ಶಕ್ತಿ ನೋಡಿ. ನೀವು ವರ್ಷಕ್ಕೆ ಎಷ್ಟು ಮಾರಿದಿರಿ ಅಂತ ನೋಡಿ ಅಲ್ಲ.

ಈ ಕೊನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಅಂಕೋಲೆಗೆ ಮಾಲು ಕಳಿಸಿ ಬಂದ ದುಡ್ಡನ್ನು ಕಾರವಾರ ನಗರಸಭೆಗೆ ತೋರಿಸಬೇಕಾ ಅಂತ ಕೇಳುತ್ತಾರೆ. ಬೇಡ. ಕಾರವಾರದಲ್ಲೇ ಮಾರಿದ್ದನ್ನೂ ಅಲ್ಲಿ ತೋರಿಸುವ ಪದ್ಧತಿ ಇಲ್ಲ. ಅದು ನಗರಸಭೆಯ ಕೆಲಸವೇ ಅಲ್ಲ.

ಹಾಗಾದರೆ ಎಲ್ಲೆಯ ಹೊರಗೆ ಏನು ಮಾಡಬೇಕು? ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬರಿಗೆ ಕಾಜುಬಾಗದಲ್ಲಿ ದಿನಸಿ ಅಂಗಡಿ ಇದೆ. ರೈಲ್ವೆ ಸ್ಟೇಷನ್ ಹತ್ತಿರ ಶಿರವಾಡದಲ್ಲಿ ಗೋದಾಮು. ಕಾಳಿ ನದಿಯ ಆಚೆ ಸದಾಶಿವಗಡದಲ್ಲಿ ಮಸಾಲೆ ಪುಡಿ ಮಾಡಿ ಪ್ಯಾಕ್ ಮಾಡುವ ಚಿಕ್ಕ ಘಟಕ. ವಾರಕ್ಕೆ ಎರಡು ಸಲ ಟೆಂಪೊ ಅಂಕೋಲೆಗೆ ಹೋಗುತ್ತದೆ. ಇಲ್ಲಿ ಅಂಗಡಿಗೆ ನಗರಸಭೆಯ ಪರವಾನಗಿ ಬೇಕು. ಗೋದಾಮಿಗೆ ಮತ್ತು ಘಟಕಕ್ಕೆ ಆಯಾ ಗ್ರಾಮ ಪಂಚಾಯತ್‌ಗೆ ಹೋಗಬೇಕು. ಅಂಕೋಲೆಯಲ್ಲಿ ಮಾಲು ಇಳಿಸಿ ಬರುವುದಕ್ಕೆ ಅಂಕೋಲಾ ಪುರಸಭೆಯ ಪರವಾನಗಿ ಬೇಡ, ಯಾಕಂದರೆ ಅಲ್ಲಿ ಅವರ ಜಾಗವೇ ಇಲ್ಲ. ನಾಳೆ ಅಲ್ಲೊಂದು ಮಳಿಗೆ ಬಾಡಿಗೆಗೆ ಹಿಡಿದರೆ ಆವಾಗ ಬೇಕು.

ನಗರಸಭೆಯ ಲೈಸೆನ್ಸ್ ಇದೆಯಲ್ಲ, ಗೋದಾಮು ಹೇಗೂ ನನ್ನದೇ, ಮತ್ತೊಂದು ಯಾಕೆ ಅಂತ ತುಂಬ ಜನ ಬಿಟ್ಟುಬಿಡುತ್ತಾರೆ. ಗೋದಾಮಿಗೆ ಬೆಂಕಿ ಬಿದ್ದು ವಿಮೆಯವರು ಬಂದಾಗ ಅವರು ಮೊದಲು ಕೇಳುವ ಕಾಗದಗಳಲ್ಲಿ ಇದೂ ಒಂದಾಗಬಹುದು. ಕಾಳಿ ಸೇತುವೆಯ ಆಚೆ ಈಚೆ ನಮಗೆ ಒಂದೇ ಪೇಟೆ ಅನ್ನುವುದು ನಿಜ. 2024ರ ಆಗಸ್ಟ್‌ನಲ್ಲಿ ಹಳೆ ಸೇತುವೆ ಕುಸಿದು ಓಡಾಟವೆಲ್ಲ ಹೊಸದರ ಮೇಲೆ ಬಿದ್ದಾಗ ಇದು ಎಲ್ಲರಿಗೂ ಗೊತ್ತಾಯಿತು. ಆದರೆ ಆಡಳಿತದ ಲೆಕ್ಕದಲ್ಲಿ ಆಚೆ ಬೇರೆ, ಈಚೆ ಬೇರೆ.

ಇಲ್ಲಿ ಪಂಚಾಯತ್ ಕಡೆಯವರಿಗೂ ಒಂದು ಮಾತು ಹೇಳಬೇಕು. ಯಾವ ಉದ್ದಿಮೆಗೆ ಎಷ್ಟು ಶುಲ್ಕ ಅನ್ನುವ ಪಟ್ಟಿ ಕಚೇರಿಯ ಗೋಡೆಯ ಮೇಲೆ ಕನ್ನಡದಲ್ಲಿ ಇರಬೇಕು. ಮನೆಯಲ್ಲಿ ಹಪ್ಪಳ ಮಾಡುವ ಅಕ್ಕ ಪಿಡಿಒ ಮುಂದೆ ನಿಂತು ಎಷ್ಟು ಕೊಡಲಿ ಸಾಹೇಬ್ರೇ ಅಂತ ಕೇಳುವ ಪರಿಸ್ಥಿತಿ ಇರಬಾರದು. ಕೊಟ್ಟ ದುಡ್ಡಿಗೆ ರಸೀದಿ ಸಿಗಲೇಬೇಕು. ಕೇಳಿ ಪಡೆಯಿರಿ.

ಊರಿನ ಎಲ್ಲೆ ಅಂದರೆ ತೆರಿಗೆ ಅನ್ನುವ ಭಯ ನಮಗೆ ಎಲ್ಲಿಂದ ಬಂತು? ನನ್ನ ಪ್ರಕಾರ ಇದಕ್ಕೆ ಕಾರಣ ಹಳೆ ನಾಕಾ. ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು. ಊರಿನ ಬಾಗಿಲಲ್ಲೇ ಮಾಲಿಗೆ ಜಕಾತಿ ಕೊಟ್ಟು ಒಳಗೆ ಬರಬೇಕಾಗಿದ್ದ ಕಾಲವನ್ನು ನೋಡಿದ ಹಿರಿಯರು ಇನ್ನೂ ಇದ್ದಾರೆ. ಆಗ ನಿಜವಾಗಿಯೂ ಪುರಸಭೆಯ ಎಲ್ಲೆ ದಾಟಿದರೆ ದುಡ್ಡು ಕೊಡಬೇಕಿತ್ತು. ಕರ್ನಾಟಕದಲ್ಲಿ ಈ ಆಕ್ಟ್ರಾಯ್ 1979ರಲ್ಲಿ ಹೋಯಿತು. ಅದರ ಬದಲು ರಾಜ್ಯ ಸರಕಾರದ ಪ್ರವೇಶ ತೆರಿಗೆ ಬಂತು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಅದೂ ಹೋಯಿತು. ಈಗ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟೆಗೆ ಮಾಲು ತಂದರೆ ದಾರಿಯಲ್ಲಿ ಯಾವ ಪುರಸಭೆಯೂ ಕೈ ಚಾಚುವ ಹಾಗಿಲ್ಲ. ಮಾಲಿನ ಬೆಲೆ 50,000 ರೂಪಾಯಿ ದಾಟಿದರೆ ಸಾಮಾನ್ಯವಾಗಿ ಇ-ವೇ ಬಿಲ್, ಅಂದರೆ ಮಾಲು ಸಾಗಿಸಲು ಆನ್‌ಲೈನ್‌ನಲ್ಲಿ ಮಾಡಿಸುವ ಪತ್ರ, ಬೇಕಾಗುತ್ತದೆ. ಅದು ರಾಜ್ಯದ ತೆರಿಗೆ ಇಲಾಖೆಯ ವ್ಯವಸ್ಥೆ.

ವೃತ್ತಿ ತೆರಿಗೆಯ ಬಗ್ಗೆಯೂ ಇದೇ ಗೊಂದಲ. ಕೇರಳ, ತಮಿಳುನಾಡಿನಲ್ಲಿ ಅದನ್ನು ಸ್ಥಳೀಯ ಸಂಸ್ಥೆಗಳು ವಸೂಲಿ ಮಾಡುತ್ತವೆ. ನಮ್ಮಲ್ಲಿ 1976ರ ಕಾಯ್ದೆಯ ಪ್ರಕಾರ ಅದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಗೆ ಹೋಗುತ್ತದೆ. ಸಂವಿಧಾನವೇ ಅದಕ್ಕೆ ವರ್ಷಕ್ಕೆ 2,500 ರೂಪಾಯಿಯ ಮಿತಿ ಹಾಕಿದೆ. ನಗರಸಭೆಯ ಕಿಟಕಿಯಲ್ಲಿ ಅದನ್ನು ಕಟ್ಟುವುದಲ್ಲ.

ನಗರವೇ ವ್ಯಾಪಾರದ ಮೊತ್ತ ಕೇಳುವ ಊರುಗಳೂ ಜಗತ್ತಿನಲ್ಲಿ ಇವೆ. ನಿಮ್ಮಲ್ಲಿ ಕೆಲವರ ಮಕ್ಕಳು ಅಮೆರಿಕದ ಸಿಯಾಟಲ್ ಕಡೆ ಇರಬಹುದು. ಆ ವಾಷಿಂಗ್ಟನ್ ರಾಜ್ಯದಲ್ಲಿ ಸಿಯಾಟಲ್, ಟಕೋಮಾ, ಬೆಲ್‌ವ್ಯೂ ಥರದ ನಗರಗಳಿಗೆ ಸ್ವಂತ ತೆರಿಗೆ ಹಾಕುವ ಅಧಿಕಾರ ಇದೆ. ಅದು ಲಾಭದ ಮೇಲೆ ಅಲ್ಲ, ಬಂದ ಒಟ್ಟು ದುಡ್ಡಿನ ಮೇಲೆ. ಹಾಗಾಗಿ ಅಲ್ಲಿ ಲೈಸೆನ್ಸ್ ಪಡೆದವರು ನಗರಕ್ಕೆ ರಿಟರ್ನ್, ಅಂದರೆ ವಹಿವಾಟು ಮತ್ತು ತೆರಿಗೆಯ ಲೆಕ್ಕಪತ್ರ, ಹಾಕಬೇಕು. ಹೊರಗಿನ ಊರಲ್ಲಿ ಆದ ವ್ಯಾಪಾರವನ್ನು ಬೇರೆ ಮಾಡಿ ತೋರಿಸಬೇಕು. ಒಂದೇ ದುಡ್ಡಿಗೆ ಎರಡು ನಗರಗಳು ತೆರಿಗೆ ಹಾಕಬಾರದು ಅಂತ ಅಲ್ಲಿನ ರಾಜ್ಯವೇ ಹಂಚಿಕೆಯ ನಿಯಮ ಮಾಡಿದೆ. ವಸ್ತು ಮಾರಿದರೆ ಅದು ಎಲ್ಲಿ ತಲುಪಿತು ಅಂತ ನೋಡುತ್ತಾರೆ. ಸೇವೆಯಾದರೆ ಕೆಲಸಗಾರರ ಸಂಬಳ ಎಲ್ಲಿಯದು, ಗಿರಾಕಿ ಎಲ್ಲಿಯವರು ಅಂತ ನೋಡಿ ಪಾಲು ಮಾಡುತ್ತಾರೆ. ಇಂಟರ್ನೆಟ್ಟಿನಲ್ಲಿ ಹುಡುಕಿದಾಗ ಇಂಥ ಮಾಹಿತಿ ಸಿಕ್ಕಿ, ನಮ್ಮಲ್ಲೂ ಹೀಗೇ ಅಂದುಕೊಂಡು ಗಾಬರಿಯಾದವರನ್ನು ನಾನು ನೋಡಿದ್ದೇನೆ. ಅದು ಅಲ್ಲಿಯ ಕಾನೂನು. ನಮ್ಮಲ್ಲಿ ನಗರದ ಮಟ್ಟದಲ್ಲಿ ಆ ಲೆಕ್ಕ ಇಲ್ಲ. ಆದರೆ ಮಾಲು ಎಲ್ಲಿ ತಲುಪಿತು ಅನ್ನುವ ಪ್ರಶ್ನೆ ನಮ್ಮಲ್ಲೂ ಇದೆ. ಅದು ಬರುವುದು ರಾಜ್ಯದ ಗಡಿಯಲ್ಲಿ, ಅಂದರೆ ನಮಗೆ ಮಾಜಾಳಿಯಲ್ಲಿ.

ಈಗ ಲೆಕ್ಕದ ವಿಷಯಕ್ಕೆ ಬರುತ್ತೇನೆ. ಬರೀ ವಸ್ತು ಮಾರುವವರಿಗೆ ಕರ್ನಾಟಕದಲ್ಲಿ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಸೇವೆ ಕೊಡುವವರಿಗೆ 20 ಲಕ್ಷ. ಇದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಆ 40 ಲಕ್ಷವನ್ನು ಹೇಗೆ ಎಣಿಸುವುದು ಅನ್ನುವುದರಲ್ಲೇ ಎಡವುವುದು.

ಎಣಿಸಬೇಕಾದದ್ದು ಒಂದು ಪ್ಯಾನ್ ನಂಬರಿನಲ್ಲಿ ದೇಶದಲ್ಲೆಲ್ಲ ಆದ ಮಾರಾಟ. ಕಾರವಾರದ ಅಂಗಡಿಯದು, ಅಂಕೋಲೆಗೆ ಕಳಿಸಿದ್ದು, ಹುಬ್ಬಳ್ಳಿಯಲ್ಲಿ ಸ್ಟಾಲ್ ಹಾಕಿದ್ದು, ಎಲ್ಲವೂ ಸೇರುತ್ತದೆ. ತೆರಿಗೆ ಇಲ್ಲದ ವಸ್ತುವಿನ ಮಾರಾಟವೂ ಸೇರುತ್ತದೆ. ಇದು ತುಂಬ ಜನರಿಗೆ ಗೊತ್ತಿಲ್ಲ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ. ಉಪ್ಪಿನಕಾಯಿಗೆ ಇದೆ. ಮೊದಲು ಶೇ 12 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ 5. ಒಂದು ಸಂಘ ವರ್ಷಕ್ಕೆ 32 ಲಕ್ಷದ ಹಲಸಿನ ಹಪ್ಪಳ ಮಾರಿತು, 10 ಲಕ್ಷದ ಅಪ್ಪೆಮಿಡಿ ಉಪ್ಪಿನಕಾಯಿ ಮಾರಿತು ಅಂತ ಇಟ್ಟುಕೊಳ್ಳಿ. ತೆರಿಗೆ ಬರುವುದು 10 ಲಕ್ಷಕ್ಕೆ ಮಾತ್ರ ಅಲ್ವಾ, ನಾವು 40ರ ಒಳಗೇ ಇದ್ದೇವೆ ಅಂತ ಅವರು ಅಂದುಕೊಳ್ಳುತ್ತಾರೆ. ಇಲ್ಲ. ವಹಿವಾಟು 42 ಲಕ್ಷ. ನೋಂದಣಿ ಬೇಕು. ಬರೀ ಹಪ್ಪಳವನ್ನೇ ಮಾರಿದ್ದರೆ 42 ಲಕ್ಷ ಆದರೂ ಬೇಡವಾಗಿತ್ತು. ಪೂರ್ತಿ ತೆರಿಗೆ ಇಲ್ಲದ ಮಾಲು ಮಾತ್ರ ಮಾರುವವರಿಗೆ ನೋಂದಣಿಯ ಕಡ್ಡಾಯ ಇಲ್ಲ. ತಮ್ಮ ತೋಟದ ಬೆಳೆಯನ್ನು ಮಾರುವ ರೈತರಿಗೂ ಇಲ್ಲ.

ನೋಂದಣಿ ಇದ್ದವರು ಇನ್ನೊಂದು ಕೆಲಸ ಮಾಡಬೇಕು. ಶಿರವಾಡದ ಗೋದಾಮು, ಸದಾಶಿವಗಡದ ಘಟಕ, ಇವನ್ನು ಹೆಚ್ಚುವರಿ ವ್ಯಾಪಾರ ಸ್ಥಳ ಅಂತ ಜಿಎಸ್‌ಟಿ ಪೋರ್ಟಲ್‌ನಲ್ಲಿ ಸೇರಿಸಬೇಕು. ರಾಜ್ಯದೊಳಗೆ ಎಷ್ಟು ಜಾಗ ಇದ್ದರೂ ಸಾಮಾನ್ಯವಾಗಿ ಒಂದೇ ನೋಂದಣಿ ಸಾಕು. ಜಾಗಗಳ ಪಟ್ಟಿ ಮಾತ್ರ ಸರಿ ಇರಬೇಕು. ಪಟ್ಟಿಯಲ್ಲಿ ಇಲ್ಲದ ಗೋದಾಮಿನಲ್ಲಿ ಮಾಲು ಸಿಕ್ಕರೆ ಅದನ್ನು ಮುಚ್ಚಿಟ್ಟ ಮಾಲು ಅಂತ ನೋಡುತ್ತಾರೆ.

2025ರ ಜುಲೈ ತಿಂಗಳು ನಿಮಗೆಲ್ಲ ನೆನಪಿರಬೇಕು. ಯುಪಿಐ ಮೂಲಕ ಬಂದ ದುಡ್ಡನ್ನು ನೋಡಿ ರಾಜ್ಯದ ಸಣ್ಣ ವ್ಯಾಪಾರಸ್ಥರಿಗೆ ನೋಟಿಸ್ ಹೋದವು. ಬೇಕರಿಯವರು, ಚಹದಂಗಡಿಯವರು, ತರಕಾರಿಯವರು ಎಲ್ಲ ಕಂಗಾಲಾದರು. ಕೆಲವು ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು ನಗದು ಮಾತ್ರ ಅಂತ ಬೋರ್ಡು ಹಾಕಿದರು. ಆಗ ಜನ ಅನುಭವಿಸಿದ ಸಂಕಟ ಚಿಕ್ಕದಲ್ಲ. ಕೋಡ್ ಕಿತ್ತರೆ ಮಾತ್ರ ಏನೂ ಉಪಯೋಗ ಇಲ್ಲ. ನಗದು ಬಂದರೂ ಅದು ವಹಿವಾಟೇ. ಹಾಗೆಯೇ ಯುಪಿಐಗೆ ಬಂದದ್ದೆಲ್ಲ ವಹಿವಾಟು ಅಲ್ಲ. ದುಬೈಯಲ್ಲಿರುವ ತಮ್ಮ ಮನೆಖರ್ಚಿಗೆ ಕಳಿಸಿದ್ದು, ಸಾಲ ತೆಗೆದುಕೊಂಡದ್ದು, ಚೀಟಿ ದುಡ್ಡು, ಇವೆಲ್ಲ ಅದೇ ನಂಬರಿಗೆ ಬಂದಿರುತ್ತವೆ. ಬೇರೆ ಮಾಡಿ ತೋರಿಸಲು ನಿಮ್ಮ ಹತ್ತಿರ ಪುಸ್ತಕ ಇಲ್ಲದಿದ್ದರೆ ಇಲಾಖೆ ಒಟ್ಟು ಮೊತ್ತವನ್ನೇ ಹಿಡಿಯುತ್ತದೆ. ಅಂಗಡಿಗೆ ಒಂದು ಖಾತೆ, ಮನೆಗೆ ಒಂದು ಖಾತೆ. ಇಷ್ಟನ್ನು ಈ ವಾರವೇ ಮಾಡಿಕೊಳ್ಳಿ.

ಪುಸ್ತಕ ಅಂದೆ. ದೊಡ್ಡ ಸಾಫ್ಟ್‌ವೇರ್ ಬೇಡ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಏನು ಮಾರಿದ್ದು, ಎಷ್ಟಕ್ಕೆ, ನಗದೋ ಯುಪಿಐಯೋ ಅಂತ ಬರೆಯುವ ಅಭ್ಯಾಸ ಕೆಲವರಿಗೆ ಇದೆ. ಅದಕ್ಕೆ ಒಂದು ಕಾಲಂ ಸೇರಿಸಿ. ಮಾಲು ಎಲ್ಲಿ ಕೈಗೆ ಹೋಯಿತು? ಅಂಗಡಿಯಲ್ಲೋ, ಅಂಕೋಲೆಗೋ, ಗೋವಾಕ್ಕೋ? ನಮ್ಮ ಕರಾವಳಿಯ ವ್ಯಾಪಾರಸ್ಥರಿಗೆ ಈ ಕಾಲಂ ಬೇರೆ ಊರಿನವರಿಗಿಂತ ಜಾಸ್ತಿ ಬೇಕು. ಯಾಕೆ ಅಂತ ಈಗ ಹೇಳುತ್ತೇನೆ.

ಮಾಜಾಳಿ ಗಡಿ ಕಾರವಾರದಿಂದ ಅರ್ಧ ಗಂಟೆಯ ದಾರಿ. ಗಡಿಯಾಚೆ ಗೋವಾದ ಕಾಣಕೋಣದಲ್ಲಿ ನಮ್ಮ ನೆಂಟರಿದ್ದಾರೆ, ಮಡಗಾಂವ್‌ನಲ್ಲಿ ನಮ್ಮ ಗಿರಾಕಿಗಳಿದ್ದಾರೆ. ಮಾತು, ಊಟ, ಮದುವೆ ಎಲ್ಲ ಆಚೆ ಈಚೆ ನಡೆಯುತ್ತದೆ. ಆದರೆ ಜಿಎಸ್‌ಟಿ ಕಾನೂನಿನಲ್ಲಿ ತೆರಿಗೆ ಇರುವ ವಸ್ತುವನ್ನು ಬೇರೆ ರಾಜ್ಯಕ್ಕೆ ಮಾರುವವರಿಗೆ 40 ಲಕ್ಷದ ರಿಯಾಯಿತಿ ಇಲ್ಲ. ವಹಿವಾಟು ಎಷ್ಟೇ ಚಿಕ್ಕದಿರಲಿ, ನೋಂದಣಿ ಕಡ್ಡಾಯ. ಅಂದರೆ ಕಾರವಾರದ ಒಬ್ಬ ಅಕ್ಕ ಉಪ್ಪಿನಕಾಯಿಯನ್ನು ಬೀದರ್‌ವರೆಗೂ ಪಾರ್ಸೆಲ್ ಮಾಡಬಹುದು, 40 ಲಕ್ಷದವರೆಗೆ ಯಾರೂ ಕೇಳುವುದಿಲ್ಲ. ಅದೇ ಉಪ್ಪಿನಕಾಯಿಯ ಒಂದು ಬಾಟಲಿಯನ್ನು ಕಾಣಕೋಣದ ಗಿರಾಕಿಗೆ ಬಸ್ಸಿನಲ್ಲಿ ಕಳಿಸಿದರೆ ನೋಂದಣಿ ಬೇಕು.

ಇದು ಗಡಿಯ ತಾಲೂಕುಗಳಿಗೆ ಆಗುತ್ತಿರುವ ಅನ್ಯಾಯ ಅಂತ ನಾನು ನಂಬಿದ್ದೇನೆ. ರಾಜ್ಯದ ನಡುವೆ ಇರುವ ದಾವಣಗೆರೆಯ ಸಣ್ಣ ವ್ಯಾಪಾರಿಗೆ ಸುತ್ತಲೂ ಕರ್ನಾಟಕ. ಕಾರವಾರದ ವ್ಯಾಪಾರಿಗೆ ಒಂದು ಕಡೆ ಸಮುದ್ರ, ಒಂದು ಕಡೆ ಕಾಡು, ಒಂದು ಕಡೆ ಗೋವಾ. ಅವರ ಹತ್ತಿರದ ಒಳ್ಳೆ ಪೇಟೆ ಇರುವುದೇ ಗಡಿಯ ಆಚೆ. ಸೇವೆ ಕೊಡುವವರಿಗೆ 2017ರ ಅಕ್ಟೋಬರಿನಲ್ಲೇ ಈ ಕಡ್ಡಾಯ ಸಡಿಲವಾಯಿತು. ಬೇರೆ ರಾಜ್ಯದ ಗಿರಾಕಿಗೆ ಸೇವೆ ಕೊಟ್ಟರೂ 20 ಲಕ್ಷದವರೆಗೆ ನೋಂದಣಿ ಬೇಡ. ಪಟ್ಟಿಯಲ್ಲಿರುವ ಕರಕುಶಲ ವಸ್ತುಗಳಿಗೂ ಇಂಥ ಸಡಿಲಿಕೆ ಸಿಕ್ಕಿದೆ. ಮನೆಯಲ್ಲಿ ಮಾಡಿದ ತಿನ್ನುವ ವಸ್ತುವಿಗೆ ಮಾತ್ರ ಯಾಕಿಲ್ಲ? ನಮ್ಮ ಸಂಘಗಳು ಇದನ್ನು ಮನವಿಯಾಗಿ ಬರೆಯಬೇಕು. ಶಾಸಕರಿಗೆ, ಸಂಸದರಿಗೆ, ಜಿಎಸ್‌ಟಿ ಮಂಡಳಿಯಲ್ಲಿ ಕೂರುವ ರಾಜ್ಯದ ಮಂತ್ರಿಗಳಿಗೆ ಕೊಡಬೇಕು. ಬರೆಯುವ ಕೆಲಸ ನಾನು ಮಾಡಿಕೊಡುತ್ತೇನೆ, ಸಹಿ ನಿಮ್ಮದಿರಲಿ.

ಅಲ್ಲಿಯವರೆಗೆ ಏನು ಮಾಡುವುದು? ಮೊದಲನೆಯದು, ಅಂಗಡಿಗೇ ಬಂದು ಕೊಳ್ಳುವ ಗೋವಾದ ಪ್ರವಾಸಿಗರ ಬಗ್ಗೆ ಚಿಂತೆ ಬೇಡ. ಅವರು ದುಡ್ಡು ಕೊಟ್ಟು ಬಾಟಲಿ ಹಿಡಿದುಕೊಂಡು ಹೋದರೆ, ಬಿಲ್ಲಿನಲ್ಲಿ ಅವರ ಹೊರರಾಜ್ಯದ ವಿಳಾಸ ಇಲ್ಲದಿದ್ದರೆ, ಅದು ಕರ್ನಾಟಕದೊಳಗಿನ ಮಾರಾಟವೇ. ಜಿಎಸ್‌ಟಿ ನಂಬರ್ ಇಲ್ಲದ ಗಿರಾಕಿಯ ವಿಷಯದಲ್ಲಿ 2023ರ ಅಕ್ಟೋಬರಿನಿಂದ ಈ ನಿಯಮ ಸ್ಪಷ್ಟವಾಗಿದೆ. ಎರಡನೆಯದು, ಹಪ್ಪಳದಂಥ ತೆರಿಗೆ ಇಲ್ಲದ ಮಾಲು ಮಾತ್ರ ಕಳಿಸುವವರಿಗೆ ಗಡಿ ದಾಟಿದರೂ ನೋಂದಣಿ ಬೇಡ. ಮೂರನೆಯದು, ಗೋವಾಕ್ಕೆ ಪಾರ್ಸೆಲ್ ಕಳಿಸುವುದು ನಿಮ್ಮ ವ್ಯಾಪಾರದ ನಿಜವಾದ ಭಾಗ ಅನ್ನಿಸಿದರೆ, ಹೆದರದೆ ನೋಂದಣಿ ಮಾಡಿಸಿ.

ಈ ಮೂರನೆಯದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಭಯ ಇರುವುದು ಇಲ್ಲೇ. ನೋಂದಣಿಗೆ ಸರಕಾರದ ಶುಲ್ಕ ಇಲ್ಲ. ಪ್ಯಾನ್, ಆಧಾರ್, ಬ್ಯಾಂಕ್ ಖಾತೆ, ಜಾಗದ ಕಾಗದ ಬೇಕು. ಸ್ವಂತ ಮನೆಯಾದರೆ ಕರೆಂಟ್ ಬಿಲ್ ಅಥವಾ ಮನೆ ತೆರಿಗೆ ರಸೀದಿ, ಬಾಡಿಗೆಯಾದರೆ ಕರಾರು ಪತ್ರ. ವರ್ಷದ ವಹಿವಾಟು 5 ಕೋಟಿಯ ಒಳಗಿದ್ದರೆ ರಿಟರ್ನನ್ನು ಮೂರು ತಿಂಗಳಿಗೊಮ್ಮೆ ಹಾಕುವ ಪದ್ಧತಿ ಆರಿಸಿಕೊಳ್ಳಬಹುದು. ವ್ಯಾಪಾರ ಇಲ್ಲದಿದ್ದರೂ ಸೊನ್ನೆ ರಿಟರ್ನ್ ಹಾಕಲೇಬೇಕು, ಅದನ್ನು ಮೊಬೈಲ್ ಎಸ್‌ಎಂಎಸ್ ಮೂಲಕವೂ ಹಾಕಬಹುದು. ತಡವಾದರೆ ದಿನಕ್ಕೆ 50 ರೂಪಾಯಿ, ಸೊನ್ನೆ ರಿಟರ್ನಿಗೆ 20 ರೂಪಾಯಿ ಬೀಳುತ್ತದೆ. ಜನ ಮುಳುಗುವುದು ಇಲ್ಲಿಯೇ. ನೋಂದಣಿ ಮಾಡಿಸಿ ಮರೆತುಬಿಡುತ್ತಾರೆ. ತೆರಿಗೆಗಿಂತ ದಂಡ ಜಾಸ್ತಿ ಆಗುತ್ತದೆ.

ಕಾಂಪೊಸಿಷನ್ ಸ್ಕೀಮ್ ಸುಲಭ ಅಲ್ವಾ ಅಂತ ಕೇಳಬಹುದು. ಅದರಲ್ಲಿ ಒಂದೂವರೆ ಕೋಟಿಯವರೆಗಿನ ಸಣ್ಣ ವ್ಯಾಪಾರಿಗಳು ವಹಿವಾಟಿನ ಶೇ 1 ಕಟ್ಟಿ ಮುಗಿಸಬಹುದು. ರಾಜ್ಯದೊಳಗೆ ಮಾತ್ರ ಮಾರುವವರಿಗೆ ಅದು ಒಳ್ಳೆಯದು. ಆದರೆ ಆ ಸ್ಕೀಮ್‌ನಲ್ಲಿ ಇದ್ದವರು ಬೇರೆ ರಾಜ್ಯಕ್ಕೆ ವಸ್ತು ಮಾರುವ ಹಾಗಿಲ್ಲ. ಕಾರವಾರದಲ್ಲಿ ಅದನ್ನು ಆರಿಸುವ ಮೊದಲು ಗೋವಾದ ಗಿರಾಕಿಗಳು ಎಷ್ಟು ಅಂತ ನೋಡಿಕೊಳ್ಳಿ. ಆನ್‌ಲೈನ್ ಅಂಗಡಿಗಳ ಮೂಲಕ ಮಾರುವವರಿಗೂ ಹೀಗೇ. 2023ರ ಅಕ್ಟೋಬರ್ 1ರಿಂದ ಜಿಎಸ್‌ಟಿ ಇಲ್ಲದ ಸಣ್ಣವರೂ ಅಲ್ಲಿ ವಸ್ತು ಮಾರಬಹುದು. ಪೋರ್ಟಲ್‌ನಲ್ಲಿ ಒಂದು ಎನ್‌ರೋಲ್‌ಮೆಂಟ್ ನಂಬರ್ ಪಡೆಯಬೇಕು, ಮಾರಾಟ ರಾಜ್ಯದೊಳಗೇ ಇರಬೇಕು.

ಕಾಗದಗಳ ಬಗ್ಗೆ ಒಂದು ಎಚ್ಚರಿಕೆ. ಜಿಎಸ್‌ಟಿ ಪ್ರಮಾಣಪತ್ರ ಇದ್ದರೆ ನಗರಸಭೆಯ ಪರವಾನಗಿ ಬೇಡ ಅಂತ ಯಾರೋ ಹೇಳುತ್ತಾರೆ. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರಕಾರ ಕೊಡುವ ಉದ್ಯಮ್ ನೋಂದಣಿ ಇದ್ದರೆ ಎಲ್ಲ ಆಯಿತು ಅಂತ ಮತ್ತೊಬ್ಬರು. ಒಂದು ಇನ್ನೊಂದರ ಬದಲು ನಿಲ್ಲುವುದಿಲ್ಲ. ಉದ್ಯಮ್ ನೋಂದಣಿ ಪೂರ್ತಿ ಉಚಿತ, ಅದಕ್ಕೆ ದುಡ್ಡು ಕೇಳುವ ವೆಬ್‌ಸೈಟುಗಳಿಂದ ದೂರ ಇರಿ. ತಿನ್ನುವ ವಸ್ತು ಮಾಡುವವರಿಗೆ ಆಹಾರ ಸುರಕ್ಷತೆಯ ನೋಂದಣಿ ಬೇರೆಯೇ ಬೇಕು, ಅದೂ ಮಾಡುವ ಪ್ರತಿ ಜಾಗಕ್ಕೆ.

ಇನ್ನು ನೀವು ಕೇಳಿದ ಪ್ರಶ್ನೆಗಳು.

ಅಂಕೋಲೆ ಕಡೆಯ ಹಳ್ಳಿಯಿಂದ ಬಂದು ಕಾರವಾರದ ಪೇಟೆಯಲ್ಲಿ ಕೂರುವ ಒಬ್ಬ ಅಕ್ಕ ಕೇಳಿದರು. ನನ್ನ ಮನೆ ಪಂಚಾಯತ್‌ನಲ್ಲಿ, ಮಾರುವುದು ಇಲ್ಲಿ, ನನ್ನ ಕಾಗದ ಎಲ್ಲಿಯದು? ಅಕ್ಕಾ, ನೀವು ಕೂತು ಮಾರುವ ಜಾಗ ಮುಖ್ಯ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ನಗರಸಭೆಯ ಸಮೀಕ್ಷೆಯಲ್ಲಿ ನಿಮ್ಮ ಹೆಸರು ಸೇರಬೇಕು, ಗುರುತಿನ ಚೀಟಿ ಸಿಗಬೇಕು. ಹಳ್ಳಿಯಿಂದ ಬಂದು ನಗರದಲ್ಲಿ ಮಾರುವವರಿಗೂ ಪಿಎಂ ಸ್ವನಿಧಿ ಸಾಲ ಇದೆ. ನಗರಸಭೆಯ ಶಿಫಾರಸು ಪತ್ರ ಬೇಕು, ಅಷ್ಟೇ. 2020ರಲ್ಲಿ ಮೊದಲ ಕಂತು 10,000 ಇತ್ತು, 2025ರಲ್ಲಿ 15,000ಕ್ಕೆ ಏರಿದೆ. ನೀವು ತರುವ ಹಸಿ ಮೀನಿಗೆ, ಸೊಪ್ಪಿಗೆ, ತರಕಾರಿಗೆ ಜಿಎಸ್‌ಟಿ ಇಲ್ಲ. ಯುಪಿಐ ಇಟ್ಟುಕೊಳ್ಳಿ, ಹೆದರಬೇಡಿ. ಘಟ್ಟದ ಕೆಳಗೆ ಪೇಟೆಗಳಲ್ಲಿ ತಾಜಾ ತರಕಾರಿ ಸಿಗುವುದು ಹಾಲಕ್ಕಿ ಹೆಂಗಸರು ನಸುಕಿನಲ್ಲೇ ಬುಟ್ಟಿ ಹೊತ್ತು ಬರುವುದರಿಂದ. ಊರಿನ ಹೊರಗಿನವರು ಅಂತ ಅವರನ್ನು ಎಬ್ಬಿಸುವುದು ಸರಿಯಲ್ಲ, ಕಾಯ್ದೆಯೂ ಅದನ್ನು ಒಪ್ಪುವುದಿಲ್ಲ.

ಗೋಕರ್ಣದ ಹೋಮ್‌ಸ್ಟೇ ನಡೆಸುವವರ ಪ್ರಶ್ನೆ. ಬರುವವರು ದಿಲ್ಲಿಯವರು, ಮುಂಬೈಯವರು, ಇದು ಬೇರೆ ರಾಜ್ಯದ ವ್ಯಾಪಾರವಾ? ಅಲ್ಲ. ಉಳಿದುಕೊಳ್ಳುವ ಸೇವೆಗೆ ಮನೆ ಇರುವ ಜಾಗವೇ ಲೆಕ್ಕ. ಅತಿಥಿ ಎಲ್ಲಿಯವರಾದರೂ ಅದು ಕರ್ನಾಟಕದ್ದೇ. ನಿಮಗೆ 20 ಲಕ್ಷದ ಮಿತಿ. ನೋಂದಣಿ ಇಲ್ಲದ ಮನೆಯವರ ಬುಕಿಂಗ್ ವೆಬ್‌ಸೈಟ್ ಮೂಲಕ ಬಂದರೆ ಆ ತೆರಿಗೆಯನ್ನು ವೆಬ್‌ಸೈಟಿನವರೇ ಕಟ್ಟಬೇಕು. ಆದರೆ ಆ ದುಡ್ಡೂ ನಿಮ್ಮ ವಹಿವಾಟಿಗೆ ಸೇರುತ್ತದೆ. ವೆಬ್‌ಸೈಟ್ ಕಮಿಷನ್ ಕಳೆದು ಖಾತೆಗೆ ಹಾಕಿದ್ದನ್ನು ಅಲ್ಲ, ಅತಿಥಿ ಕೊಟ್ಟ ಪೂರ್ತಿ ಬಾಡಿಗೆಯನ್ನು ಬರೆದಿಡಿ.

ಕುಮಟೆಯ ಕೆತ್ತನೆ ಕೆಲಸದವರು ಮುಂಬೈಯ ಪ್ರದರ್ಶನಕ್ಕೆ ಹೋಗುವ ಬಗ್ಗೆ ಕೇಳಿದರು. ಸಾಮಾನ್ಯ ವ್ಯಾಪಾರಿ ಬೇರೆ ರಾಜ್ಯದಲ್ಲಿ ಸ್ಟಾಲ್ ಹಾಕಬೇಕಾದರೆ ಆ ರಾಜ್ಯದಲ್ಲಿ ತಾತ್ಕಾಲಿಕ ನೋಂದಣಿ ಮಾಡಿಸಬೇಕು. ವ್ಯಾಪಾರ ಶುರುವಾಗುವ ಐದು ದಿನ ಮೊದಲೇ ಅರ್ಜಿ ಹಾಕಬೇಕು, ಅಂದಾಜು ತೆರಿಗೆಯನ್ನು ಮುಂಗಡ ಕಟ್ಟಬೇಕು. ಅದು 90 ದಿನ ನಡೆಯುತ್ತದೆ. ಕೈಕೆಲಸದ ಮರದ ಕೆತ್ತನೆ ಕರಕುಶಲ ಪಟ್ಟಿಯಲ್ಲಿದೆ. ಹಾಗಾಗಿ ವಹಿವಾಟು ಮಿತಿಯ ಒಳಗಿದ್ದರೆ ಗುಡಿಗಾರರಿಗೆ ಈ ತಾಪತ್ರಯ ಇಲ್ಲ. ಪ್ಯಾನ್ ಬೇಕು. ಹೀಗೆ ನೋಂದಣಿ ಇಲ್ಲದೆ ಕರಕುಶಲ ಮಾಲನ್ನು ಹೊರರಾಜ್ಯಕ್ಕೆ ಒಯ್ಯುವಾಗ ಬೆಲೆ 50,000ಕ್ಕಿಂತ ಕಡಿಮೆ ಇದ್ದರೂ ಇ-ವೇ ಬಿಲ್ ಮಾಡಿಸಲೇಬೇಕು. ಇದನ್ನು ಮರೆತು ದಾರಿಯಲ್ಲಿ ಸಿಕ್ಕಿಬೀಳುವವರು ಇದ್ದಾರೆ.

ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ಅಂಗಡಿ ಹಾಕುವವರಿಗೆ ಈ ಕಷ್ಟ ಇಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಆ ಜಾತ್ರೆಗೆ ಕಾರವಾರದಿಂದ ಹೋದರೂ ರಾಜ್ಯ ಒಂದೇ. ಸ್ಟಾಲಿನ ಜಾಗಕ್ಕೆ ಅಲ್ಲಿಯ ಅನುಮತಿ ಪಡೆಯಿರಿ. ಬಂದ ದುಡ್ಡನ್ನು ನಿಮ್ಮ ವರ್ಷದ ಲೆಕ್ಕಕ್ಕೆ ಸೇರಿಸಿ. ಆದಾಯ ತೆರಿಗೆಗೂ ಅದೇ ಒಂದು ಲೆಕ್ಕ. ಜಾತ್ರೆಯ ದುಡ್ಡು ಬೇರೆ, ಅಂಗಡಿಯ ದುಡ್ಡು ಬೇರೆ ಅನ್ನುವ ಭಾಗ ಅಲ್ಲೂ ಇಲ್ಲ.

ಕೊನೆಯ ಪ್ರಶ್ನೆ ಅಂಗಡಿ ಮುಚ್ಚಿದವರದ್ದು. ಕಾರವಾರದ ಅಂಗಡಿ ಮುಚ್ಚಿ ಅಂಕೋಲೆಗೆ ಹೋಗಿದ್ದೇನೆ, ನಗರಸಭೆಯಿಂದ ಇನ್ನೂ ನವೀಕರಣದ ನೋಟಿಸ್ ಬರುತ್ತಿದೆ ಅಂದರು. ಬೋರ್ಡು ಇಳಿಸಿದರೆ ಪರವಾನಗಿ ರದ್ದಾಗುವುದಿಲ್ಲ. ಇಂಥ ತಾರೀಖಿನಿಂದ ಉದ್ದಿಮೆ ನಿಲ್ಲಿಸಿದ್ದೇನೆ ಅಂತ ಅರ್ಜಿ ಬರೆದು, ಪರವಾನಗಿ ಪ್ರತಿಯ ಜೊತೆ ಕೊಟ್ಟು, ಸೀಲು ಹಾಕಿದ ಸ್ವೀಕೃತಿ ಪಡೆಯಿರಿ. ಅಂಕೋಲೆಯಲ್ಲಿ ಹೊಸದಾಗಿ ಅರ್ಜಿ ಹಾಕಬೇಕು, ಹಳೆಯದು ವರ್ಗಾವಣೆ ಆಗುವುದಿಲ್ಲ. ಜಿಎಸ್‌ಟಿ ಹಾಗಲ್ಲ. ಜಿಲ್ಲೆಯೊಳಗೆ ಜಾಗ ಬದಲಾದರೆ ಅದೇ ನೋಂದಣಿಯಲ್ಲಿ ವಿಳಾಸ ತಿದ್ದಿಸಿದರೆ ಸಾಕು, ಹದಿನೈದು ದಿನದ ಒಳಗೆ ಮಾಡಿಸಿ. ವ್ಯಾಪಾರವನ್ನೇ ನಿಲ್ಲಿಸಿದ್ದರೆ ರದ್ದತಿಗೆ ಅರ್ಜಿ ಹಾಕಿ. ಮಾಮೂಲಿ ನೋಂದಣಿ ಇದ್ದವರು ರದ್ದಾದ ಮೂರು ತಿಂಗಳೊಳಗೆ ಕೊನೆಯ ರಿಟರ್ನ್ ಹಾಕಬೇಕು. ಅದರ ಹೆಸರು ಜಿಎಸ್‌ಟಿಆರ್-10. ರದ್ದಾಯಿತಲ್ಲ, ಇನ್ನೇನು ರಿಟರ್ನ್ ಅಂತ ಬಿಟ್ಟವರಿಗೆ ವರ್ಷಗಳ ನಂತರ ನೋಟಿಸ್ ಬರುತ್ತದೆ. ನಿಮ್ಮದು ಬಾಕಿ ಇದೆಯಾ ಅಂತ ಗೊತ್ತಿಲ್ಲದಿದ್ದರೆ ನಿಮ್ಮ ಹಳೆಯ ಜಿಎಸ್‌ಟಿ ನಂಬರ್ ತೆಗೆದುಕೊಂಡು ಬನ್ನಿ, ಒಟ್ಟಿಗೆ ಕೂತು ನೋಡೋಣ.